ಅಳು ಬಂತು, ನಂಬಿಕೆ ಬರಲಿಲ್ಲ: ಕಾದಂಬರಿಯಿಂದ ತೆರೆಗೆ ಬಂದ ಪ್ರೇಮಕಥೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಜನಪ್ರಿಯ ಕಾದಂಬರಿಯೊಂದನ್ನು ಆಧರಿಸಿದ ಪ್ರೇಮಚಿತ್ರ ನೋಡಿದೆ. ಕೊನೆಯ ಅರ್ಧ ಗಂಟೆ ಥಿಯೇಟರಿನ ತುಂಬ ಮೂಗು ಸೀಟುವ ಸದ್ದು. ನನಗೂ ಕಣ್ಣು ತುಂಬಿತು. ಆದರೆ ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಸಿಟ್ಟು ಬಂತು, ಯಾರೋ ಬಲವಂತವಾಗಿ ಅಳಿಸಿ ಕಳಿಸಿದ ಹಾಗೆ. ಆ ಇಬ್ಬರು ಯಾಕೆ ಪ್ರೀತಿಸಿದರು ಅನ್ನುವುದೇ ನನಗೆ ತಿಳಿಯಲಿಲ್ಲ. ಮನೆಯವರು ‘ನಿನ್ನದು ಕಲ್ಲು ಮನಸ್ಸು’ ಅನ್ನುತ್ತಾರೆ. ತಪ್ಪು ನನ್ನದೋ, ಸಿನಿಮಾದ್ದೋ?

ಉತ್ತರ: ಕಲ್ಲು ಮನಸ್ಸಾಗಿದ್ದರೆ ಕಣ್ಣು ತುಂಬುತ್ತಿರಲಿಲ್ಲ. ಅಳು ಬರಿಸುವುದಕ್ಕೆ ಸಿನಿಮಾದ ಬಳಿ ಹತ್ತಾರು ಉಪಕರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಕಥೆ ಚೆನ್ನಾಗಿರಲಿ, ಇಲ್ಲದಿರಲಿ ಕೆಲಸ ಮಾಡುತ್ತವೆ. ಹಾಗಾಗಿ ‘ಅಳು ಬಂತು’ ಅನ್ನುವುದೊಂದೇ ಸಿನಿಮಾ ಗೆದ್ದದ್ದಕ್ಕೆ ಸಾಕ್ಷಿಯಾಗುವುದಿಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆಯೋ ಇಲ್ಲವೋ ಎಂದು ನೋಡಲು ಒಂದು ಪರೀಕ್ಷೆ ಹೇಳುತ್ತೇವೆ. ಸಿನಿಮಾ ಓಟಿಟಿಗೆ ಬಂದ ಮೇಲೆ ಮಾಡಿ ನೋಡಿ.

ಯಾವ ದೃಶ್ಯದಲ್ಲಿ ಅಳು ಬಂತೋ ಅದನ್ನು ಮೊದಲು ಸದ್ದಿಲ್ಲದೆ ನೋಡಿ. ಆಮೇಲೆ ಚಿತ್ರ ನೋಡದೆ ಸದ್ದು ಮಾತ್ರ ಕೇಳಿ. ಕೇಳುವಾಗ ಒಂದೇ ವಿಷಯ ಗಮನಿಸಿ: ಹಿನ್ನೆಲೆಯ ಪಿಟೀಲುಗಳು ಪಾತ್ರ ಮಾತಾಡಿದ ಮೇಲೆ ಶುರುವಾದವೋ, ಮಾತಿಗೆ ಮೊದಲೇ ಶುರುವಾದವೋ? ಮೊದಲೇ ಶುರುವಾಗಿದ್ದರೆ ‘ಈಗ ಅಳಬೇಕು’ ಎಂಬ ಸೂಚನೆ ನಿಮಗೆ ಕಾರಣಕ್ಕಿಂತ ಮುಂಚೆ ತಲುಪಿದೆ. ಮೂರನೇ ಸಲ ಅದೇ ದೃಶ್ಯವನ್ನು ಅದರ ಹಿಂದಿನ ಹತ್ತು ನಿಮಿಷ ಸೇರಿಸಿ ನೋಡಿ. ಆ ಹತ್ತು ನಿಮಿಷದಲ್ಲಿ ಇಬ್ಬರಲ್ಲಿ ಒಬ್ಬರಾದರೂ ಏನನ್ನಾದರೂ ನಿರ್ಧರಿಸಿದ್ದಾರೆಯೇ? ಅಥವಾ ಅಪಘಾತ, ಕಾಯಿಲೆ, ತಪ್ಪು ವಿಳಾಸಕ್ಕೆ ಹೋದ ಪತ್ರ, ಇವುಗಳೇ ಎಲ್ಲವನ್ನೂ ಮಾಡಿ ಮುಗಿಸಿವೆಯೇ?

ಸದ್ದಿಲ್ಲದೆ ನೋಡುವಾಗ ಮುಖಗಳ ಮೇಲೂ ಕಣ್ಣಿಡಿ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಒಂದು ಪ್ರಯೋಗ ಮಾಡಿದ್ದ. ನಟನೊಬ್ಬನ ಭಾವರಹಿತ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು. ಪ್ರೇಮಚಿತ್ರಗಳಲ್ಲಿ ನಾಯಕಿಯ ದೀರ್ಘ ಕ್ಲೋಸಪ್ಪಿನ ಹಿಂದೆ ನಡೆಯುವುದು ಬಹಳ ಸಲ ಇದೇ. ಭಾವ ಅವಳ ಮುಖದಲ್ಲಿ ಇಲ್ಲದಿದ್ದರೂ ಪಕ್ಕದ ಶಾಟು ಅದನ್ನು ನಿಮ್ಮಿಂದಲೇ ತುಂಬಿಸಿಕೊಳ್ಳುತ್ತದೆ. ಇದರಲ್ಲಿ ಮೋಸವಿಲ್ಲ, ಸಿನಿಮಾ ಎಂಬ ಕಲೆ ನಿಂತಿರುವುದೇ ಹೀಗೆ. ಆದರೆ ತುಂಬಿಸಲು ಕಥೆ ನಿಮ್ಮ ಕೈಗೆ ಏನನ್ನೂ ಕೊಡದಿದ್ದರೆ ನೀವು ಸುರಿಯುವುದು ನಿಮ್ಮದೇ ಹಳೆಯ ದುಃಖವನ್ನು. ಹೊರಗೆ ಬಂದ ಮೇಲೆ ಬರುವ ಸಿಟ್ಟಿನ ಮೂಲ ಅಲ್ಲಿದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆಗೆದ ‘ಬೆಳ್ಳಿಮೋಡ’ ನೋಡಿ. ಆಸ್ತಿವಂತರ ಒಬ್ಬಳೇ ಮಗಳಾಗಿದ್ದ ನಾಯಕಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಎಂದು ಅವಳನ್ನು ಮದುವೆಯಾಗಬೇಕಿದ್ದ ಮೋಹನ್ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಅವಳ ಆರೈಕೆಯಲ್ಲೇ ಉಳಿಯಬೇಕಾಗುತ್ತದೆ. ಅಲ್ಲೂ ಅಪಘಾತ ಇದೆ, ಆದರೆ ಅದು ಇಬ್ಬರನ್ನು ಒಂದೇ ಸೂರಿನಡಿ ತಂದು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಅವನು ಮನಸ್ಸು ಬದಲಿಸಿ ಬಂದಾಗ ‘ಬೇಡ’ ಅನ್ನುವುದು ಅವಳು, ಪೂರ್ತಿ ಎಚ್ಚರದಲ್ಲಿ, ಏನು ಕಳೆದುಕೊಳ್ಳುತ್ತಿದ್ದೇನೆ ಎಂದು ತಿಳಿದೇ. ಆ ನಿರಾಕರಣೆಗೆ ಬೇಕಾದ ಪ್ರತಿಯೊಂದು ಕಾರಣವೂ ಅದಕ್ಕೆ ಮೊದಲೇ ನಮ್ಮ ಕಣ್ಣೆದುರು ನಡೆದಿರುತ್ತದೆ. ಅರ್ಧ ಶತಮಾನ ದಾಟಿದರೂ ಆ ಕೊನೆಯ ಬಗ್ಗೆ ಜನ ವಾದ ಮಾಡುತ್ತಾರೆ, ಮೋಸಹೋದೆವು ಅನ್ನುವುದಿಲ್ಲ.

ಪ್ರಶ್ನೆ: ಕಾದಂಬರಿಯಲ್ಲಿ ಇಬ್ಬರ ನಡುವೆ ಪ್ರೀತಿ ನಿಧಾನವಾಗಿ ಬೆಳೆದಿತ್ತು. ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಪ್ರಾಣ ಕೊಡಲು ಸಿದ್ಧರಾದರು. ಇಷ್ಟು ಅವಸರ ಯಾಕೆ?

ಉತ್ತರ: ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 250 ಪುಟದ ಕಾದಂಬರಿ, ಪುಟಕ್ಕೆ 200 ಪದ ಎಂದಿಟ್ಟುಕೊಳ್ಳಿ. 50,000 ಪದಗಳಾದವು. ನಿಮಿಷಕ್ಕೆ 100 ಪದದಂತೆ ಗಟ್ಟಿಯಾಗಿ ಓದಿದರೆ ಎಂಟು ಗಂಟೆ ದಾಟುತ್ತದೆ. ಸಿನಿಮಾ ಇರುವುದು 140 ನಿಮಿಷ. ಐದು ಹಾಡಿಗೆ ಇಪ್ಪತ್ತೆರಡು ನಿಮಿಷ ತೆಗೆಯಿರಿ, ಶೀರ್ಷಿಕೆಗಳಿಗೆ ಇನ್ನೊಂದಿಷ್ಟು. ಉಳಿದದ್ದು ಎರಡು ಗಂಟೆಗಿಂತ ಕಡಿಮೆ. ಒಂದು ದೃಶ್ಯಕ್ಕೆ ಎರಡು ನಿಮಿಷವಾದರೆ ಅರವತ್ತಕ್ಕಿಂತ ಹೆಚ್ಚು ದೃಶ್ಯ ಹಿಡಿಸುವುದಿಲ್ಲ.

ಹಾಗಾಗಿ ಕತ್ತರಿ ಬೀಳಲೇಬೇಕು. ಅದು ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ ತಪ್ಪಾಗುತ್ತದೆ. ಚಿತ್ರಕಥೆ ಬರೆಯುವವರು ಸಾಮಾನ್ಯವಾಗಿ ಕಾದಂಬರಿಯ ದೊಡ್ಡ ಘಟನೆಗಳನ್ನು ಮೊದಲು ಪಟ್ಟಿ ಮಾಡುತ್ತಾರೆ: ಮೊದಲ ಭೇಟಿ, ಮನೆಯವರ ವಿರೋಧ, ಅಗಲಿಕೆ, ಆಸ್ಪತ್ರೆ. ಅವೆಲ್ಲ ಉಳಿಯುತ್ತವೆ. ಘಟನೆಯೇ ಇಲ್ಲದ ಅಧ್ಯಾಯಗಳು ಹೋಗುತ್ತವೆ. ಅಂದರೆ ಬಸ್ಸಿಗೆ ಕಾಯುತ್ತಾ ಮಾತಾಡಿದ್ದು, ಪುಸ್ತಕ ವಾಪಸ್ ಕೊಡುವ ನೆಪದಲ್ಲಿ ಜಗಳವಾಡಿದ್ದು, ಅವನ ಒಂದು ಸುಳ್ಳನ್ನು ಅವಳು ಹಿಡಿದದ್ದು. ಪ್ರೀತಿ ಹುಟ್ಟಿದ್ದು ಮಾತ್ರ ಆ ಅಧ್ಯಾಯಗಳಲ್ಲಿ. ಅವುಗಳ ಬದಲಿಗೆ ನಾಲ್ಕೂವರೆ ನಿಮಿಷದ ಹಾಡೊಂದು ಬರುತ್ತದೆ, ಅದರಲ್ಲಿ ಮೂರು ಊರು, ಆರು ಜೊತೆ ಬಟ್ಟೆ. ಹಾಡು ಕಾಲ ಸರಿಯಿತು ಎಂದು ತೋರಿಸಬಲ್ಲದು. ಆ ಕಾಲದಲ್ಲಿ ಒಬ್ಬರು ಇನ್ನೊಬ್ಬರ ಬಗ್ಗೆ ಏನು ತಿಳಿದುಕೊಂಡರು ಎಂದು ತೋರಿಸುವ ಶಕ್ತಿ ಅದಕ್ಕೆ ಕಡಿಮೆ.

ಚೆನ್ನಾಗಿ ಮಾಡುವವರು ಬೇರೆ ಕಡೆ ಕತ್ತರಿಸುತ್ತಾರೆ. ನಾಯಕನ ಇಬ್ಬರು ಗೆಳೆಯರನ್ನು ಒಬ್ಬನನ್ನಾಗಿಸುತ್ತಾರೆ, ಅಕ್ಕನ ಸಂಸಾರದ ಉಪಕಥೆಯನ್ನು ಪೂರ್ತಿ ಬಿಡುತ್ತಾರೆ, ಊರಿನ ವರ್ಣನೆಯನ್ನು ಎರಡು ಶಾಟಿನಲ್ಲಿ ಮುಗಿಸುತ್ತಾರೆ. ಹೀಗೆ ಉಳಿಸಿದ ಹತ್ತು ನಿಮಿಷವನ್ನು ಇಬ್ಬರೂ ಒಂದು ವಿಷಯದಲ್ಲಿ ಒಪ್ಪದಿರುವ ಒಂದೇ ಒಂದು ಉದ್ದದ ದೃಶ್ಯಕ್ಕೆ ಕೊಡುತ್ತಾರೆ. ಭಿನ್ನಾಭಿಪ್ರಾಯದ ದೃಶ್ಯವಿಲ್ಲದ ಪ್ರೇಮಚಿತ್ರವನ್ನು ನಾವಂತೂ ಅನುಮಾನದಿಂದಲೇ ನೋಡುತ್ತೇವೆ. ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸುತ್ತಲೇ ಇದ್ದರೆ ಅಲ್ಲಿ ಎರಡು ಪಾತ್ರಗಳೇ ಇಲ್ಲ.

ಮೂಲಕ್ಕೆ ನಿಷ್ಠವಾಗಿದ್ದರೆ ಸಾಕು ಅನ್ನುವ ವಾದವನ್ನೂ ನಾವು ಒಪ್ಪುವುದಿಲ್ಲ. 1972ರ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಲೇಖಕರಿಗೆ ಅದು ಒಪ್ಪಿಗೆಯಾಗಲಿಲ್ಲ, ಅದನ್ನವರು ಬಹಿರಂಗವಾಗಿಯೇ ಹೇಳಿದರು. ಆದರೂ ಚಿತ್ರ ತನ್ನ ಕಾಲ ಮೇಲೆ ತಾನು ನಿಂತಿದೆ. ರಾಮಾಚಾರಿಯ ಹಟ, ಮೇಷ್ಟ್ರ ಮೇಲಿನ ಅವನ ಗೌರವ ಎರಡನ್ನೂ ಮೊದಲರ್ಧದಲ್ಲೇ ಬೇರೂರಿಸಿರುವುದರಿಂದ, ಮುಂದೆ ಮೇಷ್ಟ್ರ ಮಾತಿಗಾಗಿ ಅವನು ಪ್ರೀತಿಯನ್ನು ಬಿಟ್ಟುಕೊಟ್ಟಾಗ ಅದು ನಂಬುವ ಹಾಗಿರುತ್ತದೆ.

ಪ್ರಶ್ನೆ: ಪುಸ್ತಕದಲ್ಲಿ ನಾಯಕ ಅವಳ ಹಿಂದೆ ಹಿಂದೆ ಹೋಗುವುದು ಮುದ್ದಾಗಿತ್ತು. ತೆರೆಯ ಮೇಲೆ ಅದೇ ಭಾಗ ನೋಡಿ ಮೈ ಜುಮ್ಮೆಂದಿತು. ಒಂದೇ ಘಟನೆ ಎರಡು ಕಡೆ ಇಷ್ಟು ಬೇರೆಯಾಗಿ ಕಾಣಲು ಕಾರಣವೇನು?

ಉತ್ತರ: ಈ ಪ್ರಶ್ನೆಯನ್ನು ಚಿತ್ರಕಥೆ ಬರೆಯುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಪ್ರೇಮ ಕಾದಂಬರಿಗಳು ಬಹುಪಾಲು ನಾಯಕಿಯ ಮನಸ್ಸಿನೊಳಗಿಂದ ಹೇಳಿದ ಕಥೆಗಳು. ಅವನು ಗ್ರಂಥಾಲಯದ ಎದುರು ಮೂರನೇ ದಿನವೂ ನಿಂತಿದ್ದಾನೆ. ಅವಳು ತಲೆಯೆತ್ತದೆ ನಡೆದುಹೋಗುತ್ತಾಳೆ. ಆದರೆ ‘ನಾಲ್ಕನೇ ದಿನ ಬಾರದಿದ್ದರೆ ಎಂಬ ಅಳುಕು ಅವಳನ್ನು ಕಾಡಿತು’ ಎಂಬ ಒಂದು ಸಾಲು ಓದುಗರಿಗೆ ಸಿಗುತ್ತದೆ. ಆ ಸಾಲೇ ಅವಳ ಒಪ್ಪಿಗೆ. ಸಿನಿಮಾ ಮಾಡುವಾಗ ಘಟನೆ ಉಳಿಯುತ್ತದೆ, ಸಾಲು ಬಿದ್ದುಹೋಗುತ್ತದೆ. ಈಗ ತೆರೆಯ ಮೇಲಿರುವುದು ಏನು? ತಲೆ ತಗ್ಗಿಸಿ ಬೇಗಬೇಗ ನಡೆಯುವ ಹುಡುಗಿ, ಹಿಂಬಾಲಿಸುವ ಗಂಡು. ಅದರ ಮೇಲೆ ಕೊಳಲಿನ ಸಂಗೀತ ಹಾಕಿದರೆ ಇನ್ನೂ ಭಯವಾಗುತ್ತದೆ.

ಕ್ಯಾಮೆರಾ ಕಾಣುವುದು ಹೊರಗಿನ ಲಕ್ಷಣವನ್ನು ಮಾತ್ರ. ಕಾನೂನು ನೋಡುವುದೂ ಅದನ್ನೇ. ಮಹಿಳೆಯೊಬ್ಬರು ಸ್ಪಷ್ಟವಾಗಿ ನಿರಾಸಕ್ತಿ ತೋರಿಸಿದ ಮೇಲೂ ಪದೇಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ನಮ್ಮ ದೇಶದಲ್ಲಿ 2013ರಿಂದ ಪ್ರತ್ಯೇಕ ಅಪರಾಧ. ಆಗ ಅದು ಭಾರತೀಯ ದಂಡ ಸಂಹಿತೆಯ 354ಡಿ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಐವತ್ತು ವರ್ಷದ ಹಿಂದಿನ ಕಾದಂಬರಿಯನ್ನು ಇಂದು ಚಿತ್ರ ಮಾಡುವವರಿಗೆ ಈ ಅರಿವು ಬೇಕೇ ಬೇಕು.

ಪರಿಹಾರ ಕಷ್ಟದ್ದಲ್ಲ. ಅವಳ ಒಪ್ಪಿಗೆಯನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿಸಬೇಕು. ನಾಲ್ಕನೇ ದಿನ ಅವನು ಬಂದಿಲ್ಲ. ಅವಳು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ಚೀಲದಲ್ಲಿ ಏನನ್ನೋ ಹುಡುಕುತ್ತಾಳೆ, ಸಿಗದವಳಂತೆ ಮತ್ತೆ ಹುಡುಕುತ್ತಾಳೆ, ಬಸ್ಸು ಬಂದು ಹೋಗುತ್ತದೆ. ಎಂಟು ಹತ್ತು ಸೆಕೆಂಡಿನ ಶಾಟು. ಒಂದು ಮಾತಿಲ್ಲ. ಇದರ ಬದಲು ಕೆಲವರು ಅವಳ ಮನಸ್ಸಿನ ಮಾತನ್ನು ಹಿನ್ನೆಲೆ ಧ್ವನಿಯಲ್ಲಿ ಓದಿಸುತ್ತಾರೆ. ಒಂದೆರಡು ಕಡೆ ಸರಿ. ಇಡೀ ಚಿತ್ರದುದ್ದಕ್ಕೂ ಓದಿಸಿದರೆ ನಟಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಪ್ರಶ್ನೆ: ಪ್ರೇಮಿಗಳು ಮನಸ್ಸು ಬಿಚ್ಚಿ ಮಾತಾಡುವುದು ಯಾವಾಗಲೂ ಮಳೆಯಲ್ಲೇ ಯಾಕೆ? ಮತ್ತೆ ಆ ಮಾತುಗಳೇ ಎಲ್ಲಕ್ಕಿಂತ ಕೃತಕವಾಗಿ ಕೇಳಿಸುವುದೇಕೆ?

ಉತ್ತರ: ಮಳೆ ಬಂದರೆ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಲು ಬೇರೆ ನೆಪ ಬೇಡ. ಹೊರಡುತ್ತೇನೆ ಅನ್ನುವವರನ್ನೂ ಅದು ಹಿಡಿದು ನಿಲ್ಲಿಸುತ್ತದೆ.

ಕೃತಕತೆ ಬರುವುದು ಧ್ವನಿಯಿಂದ. ತೆರೆಯ ಮೇಲಿನ ಮಳೆ ಸಾಮಾನ್ಯವಾಗಿ ಟ್ಯಾಂಕರ್ ನೀರು, ಪಂಪು ಮತ್ತು ಎತ್ತರದಲ್ಲಿ ಕಟ್ಟಿದ ರಂಧ್ರದ ಪೈಪುಗಳಿಂದ ಬರುವಂಥದ್ದು. ನಿಜವಾದ ತುಂತುರು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಹನಿ ದಪ್ಪ ಮಾಡಿ, ಹಿಂದಿನಿಂದ ಬೆಳಕು ಹಾಯಿಸಿ ಹೊಳೆಯಿಸುತ್ತಾರೆ. ಪಂಪು, ಜನರೇಟರು, ನೆಲಕ್ಕೆ ಬಡಿಯುವ ನೀರಿನ ಗದ್ದಲದಲ್ಲಿ ಸೆಟ್ಟಿನಲ್ಲಿ ಆಡಿದ ಮಾತು ಬಹುಪಾಲು ಬಳಕೆಗೆ ಬರುವುದಿಲ್ಲ. ವಾರಗಳೋ ತಿಂಗಳೋ ಕಳೆದ ಮೇಲೆ ಅದೇ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಒಣ ಬಟ್ಟೆ ತೊಟ್ಟು, ತುಟಿ ಚಲನೆಗೆ ಹೊಂದಿಸುತ್ತಾ ಹೇಳಬೇಕು. ನೆನೆದ ಮೈ ನಡುಗುವಾಗ ಉಸಿರು ತುಂಡುತುಂಡಾಗುತ್ತದೆ, ಮಾತು ಮಧ್ಯೆ ನುಂಗಿಹೋಗುತ್ತದೆ. ಡಬ್ಬಿಂಗಿನಲ್ಲಿ ಆ ಉಸಿರನ್ನು ಮತ್ತೆ ತರುವ ಕಲಾವಿದರು ಇದ್ದಾರೆ, ಅವರಿಗೆ ಸಮಯ ಕೊಡಬೇಕು. ಕೊಡದಿದ್ದಾಗ ಚಿತ್ರದಲ್ಲಿ ನಡುಗುವ ದೇಹ, ಸ್ಪೀಕರಿನಲ್ಲಿ ಹದವಾದ ಶುದ್ಧ ಧ್ವನಿ. ನಿಮ್ಮ ಕಿವಿ ಆ ಅಂತರವನ್ನು ಹಿಡಿದಿದೆ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಪ್ರೇಮಚಿತ್ರಗಳ ಆಸ್ಪತ್ರೆ ದೃಶ್ಯ ನೋಡಿದರೆ ಕಥೆಯಿಂದಲೇ ಹೊರಬಂದುಬಿಡುತ್ತೇನೆ. ಇಷ್ಟೊಂದು ತಪ್ಪು ಬೇಕೇ?

ಉತ್ತರ: ಬೇಕಿಲ್ಲ. ಮೂರು ತಪ್ಪುಗಳಂತೂ ಮತ್ತೆ ಮತ್ತೆ ಬರುತ್ತವೆ.

ತಲೆಗೆ ಪೆಟ್ಟು ಬಿದ್ದು ಪ್ರೇಯಸಿಯ ನೆನಪಷ್ಟೇ ಅಳಿಸಿಹೋಗುವುದು, ಇನ್ನೊಂದು ಪೆಟ್ಟಿಗೆ ವಾಪಸ್ ಬರುವುದು. ವಾಸ್ತವದಲ್ಲಿ ಪೆಟ್ಟಿನ ಆಸುಪಾಸಿನ ಹೊತ್ತಿನ ನೆನಪು ಹೋಗುವುದು ಹೆಚ್ಚು, ಹೊಸದನ್ನು ನೆನಪಿಟ್ಟುಕೊಳ್ಳುವುದೂ ಕಷ್ಟವಾಗುತ್ತದೆ. ಎರಡನೇ ಪೆಟ್ಟು ಹಾನಿಯನ್ನು ಹೆಚ್ಚಿಸುತ್ತದೆ. ಮುಪ್ಪಿನ ಮರೆವಿನ ಕಾಯಿಲೆಯಲ್ಲಿ ಇತ್ತೀಚಿನ ನೆನಪು ಮೊದಲು ಹೋಗಿ ಹಳೆಯದು ಹೆಚ್ಚು ಕಾಲ ಉಳಿಯುವುದು ನಿಜ, ಹಳೆಯ ಹಾಡಿಗೆ ರೋಗಿಯ ಮುಖ ಅರಳುವುದೂ ನಿಜ. ಆದರೆ ತಮ್ಮ ಪ್ರೇಮಕಥೆ ಓದಿ ಹೇಳಿದ ಕೂಡಲೇ ಎಲ್ಲವೂ ಮರಳಿ ಬರುವುದಿಲ್ಲ. ಅಂಥವರನ್ನು ನೋಡಿಕೊಳ್ಳುತ್ತಿರುವ ಸಂಗಾತಿಗಳು ಎಷ್ಟೋ ಮನೆಗಳಲ್ಲಿದ್ದಾರೆ. ಪ್ರೀತಿ ಸಾಕಷ್ಟಿದ್ದರೆ ನೆನಪು ಬಂದೇ ಬರುತ್ತದೆ ಎಂದು ತೆರೆ ಸೂಚಿಸಿದಾಗ ಅವರಿಗೆ ಅನ್ಯಾಯವಾಗುತ್ತದೆ.

ಎರಡನೆಯದು ಕೋಮಾ. ತಿಂಗಳುಗಟ್ಟಲೆ ಮಲಗಿದ ನಾಯಕಿ ತಲೆ ಬಾಚಿಕೊಂಡಂತೆಯೇ ಕಣ್ಣು ಬಿಟ್ಟು ಪೂರ್ತಿ ವಾಕ್ಯ ಮಾತಾಡುತ್ತಾಳೆ. ನಿಮಗೆ ಗೊತ್ತಿರುವ ಹಾಗೆ ಮೂಗಿನಲ್ಲಿ ಆಹಾರದ ನಳಿಕೆ ಇರುತ್ತದೆ, ಬಹಳ ಸಲ ಗಂಟಲಲ್ಲಿ ಉಸಿರಾಟದ್ದು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸ್ನಾಯುಗಳು ಸೊರಗಿರುತ್ತವೆ. ಮೂರನೆಯದು ಅಕ್ಕಪಕ್ಕದ ಮಂಚದಲ್ಲಿ ಮಲಗಿ ನೇರವಾಗಿ ರಕ್ತ ಕೊಡುವುದು. ರಕ್ತವನ್ನು ಸಂಗ್ರಹಿಸಿ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡಿ, ರೋಗಿಯ ರಕ್ತದೊಂದಿಗೆ ಹೊಂದಾಣಿಕೆ ನೋಡಿದ ಮೇಲಷ್ಟೇ ಏರಿಸುತ್ತಾರೆ.

ಇವನ್ನೆಲ್ಲ ಸರಿಯಾಗಿ ತೋರಿಸಿದರೆ ಪ್ರೇಮ ಕಡಿಮೆಯಾಗುತ್ತದೆ ಎಂಬ ಭಯ ಚಿತ್ರರಂಗಕ್ಕಿದೆ. ನಮಗೆ ಹಾಗನ್ನಿಸುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಅವಳ ಮಗ್ಗುಲು ಬದಲಿಸುವ ಗಂಡನನ್ನು ತೋರಿಸಿ, ಸಂಗೀತವೇ ಬೇಡ.

ಪ್ರಶ್ನೆ: ನಮ್ಮ ತಾಯಿ ಬರೆದ ಪ್ರೇಮ ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆಂದು ಒಬ್ಬರು ಕೇಳಿದ್ದಾರೆ. ತಾಯಿ ಈಗಿಲ್ಲ. ಕಥೆಯನ್ನು ಅಳುಬುರುಕು ಮಾಡಿಬಿಡುತ್ತಾರೇನೋ ಎಂಬ ಆತಂಕ. ಏನೇನು ನೋಡಿಕೊಳ್ಳಬೇಕು?

ಉತ್ತರ: ಬಾಯಿಮಾತಿನ ಒಪ್ಪಿಗೆ ಕೊಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೇ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯ್ದೆಯೇ ತಿಳಿಯುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕಿನ ವರ್ಗಾವಣೆ ರದ್ದಾಗುತ್ತದೆ, ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಮಾತ್ರ. ನಿರ್ಮಾಪಕರ ಕರಡಿನಲ್ಲಿ ಆ ಬೇರೆ ರೀತಿಯ ಸಾಲು ಇದೆಯೇ ಎಂದು ಮೊದಲು ಹುಡುಕಿ. ಕನ್ನಡ ಚಿತ್ರ, ಡಬ್ಬಿಂಗ್, ರೀಮೇಕ್, ವೆಬ್ ಸರಣಿ ಇವನ್ನು ಬೇರೆಬೇರೆಯಾಗಿ ಬರೆಸಿ. ‘ಎಲ್ಲ ಹಕ್ಕುಗಳು’ ಎಂಬ ಒಂದೇ ಪದಕ್ಕೆ ಸಹಿ ಹಾಕಬೇಡಿ.

ಕಥೆ ಕೆಡಿಸುವ ಭಯಕ್ಕೆ 57ನೇ ಕಲಮು ಇದೆ. ಹಕ್ಕು ಮಾರಿದ ಮೇಲೂ, ಲೇಖಕರ ಗೌರವಕ್ಕೆ ಅಥವಾ ಹೆಸರಿಗೆ ಧಕ್ಕೆ ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯಲು ಅದು ಅವಕಾಶ ಕೊಡುತ್ತದೆ. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ ಕಾದಂಬರಿಯ ಚಿತ್ರರೂಪದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 1986ರಲ್ಲಿ ಇದನ್ನು ಎತ್ತಿಹಿಡಿಯಿತು. ಮಾಧ್ಯಮ ಬದಲಾಗುವಾಗ ಬೇಕಾಗುವ ಮಾರ್ಪಾಡುಗಳಿಗೆ ಜಾಗವಿದೆ, ಕೃತಿಯನ್ನೇ ತಿರುಚುವುದಕ್ಕಿಲ್ಲ ಎಂಬುದು ಅದರ ಸಾರ. ಲೇಖಕರು ತೀರಿಕೊಂಡಿದ್ದರೆ ಅವರ ಕಾನೂನುಬದ್ಧ ಪ್ರತಿನಿಧಿಗಳೂ ಈ ರಕ್ಷಣೆ ಕೇಳಬಹುದು. ಆದರೆ ‘ಚಿತ್ರ ತುಂಬಾ ಅಳಿಸುತ್ತದೆ’ ಎಂಬ ದೂರು ಈ ಕಲಮಿನಡಿ ನಿಲ್ಲುವುದು ಕಷ್ಟ. ಹಾಗಾಗಿ ಬದಲಾಗಬಾರದ ಎರಡು ಮೂರು ಸಂಗತಿಗಳನ್ನು ಕರಾರಿನಲ್ಲೇ ಬರೆಸಿ. ಉದಾಹರಣೆಗೆ, ಕೊನೆಯಲ್ಲಿ ನಾಯಕಿ ಒಂಟಿಯಾಗಿ ಉಳಿಯುವುದು ತನ್ನದೇ ನಿರ್ಧಾರದಿಂದ, ಅವಳನ್ನು ಸಾಯಿಸುವಂತಿಲ್ಲ ಎಂದು. ಚಿತ್ರಕಥೆಯ ಅಂತಿಮ ಕರಡನ್ನು ಚಿತ್ರೀಕರಣಕ್ಕೆ ಮೊದಲು ಓದುವ ಹಕ್ಕನ್ನೂ ಕೇಳಿ. ಸಹಿಗೆ ಮುನ್ನ ಕೃತಿಸ್ವಾಮ್ಯ ಬಲ್ಲ ವಕೀಲರಿಗೆ ತೋರಿಸಿ.

ಹಕ್ಕು ಕುಟುಂಬದ ಬಳಿ ಇರುವುದು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ತ್ರಿವೇಣಿಯವರು ನಿಧನರಾದದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಮರಣಾನಂತರ ಪ್ರಕಟವಾದವಕ್ಕೆ ಲೆಕ್ಕ ಪ್ರಕಟಣೆಯ ಮರುವರ್ಷದಿಂದ.

ಪ್ರಶ್ನೆ: ಸಿನಿಮಾಕ್ಕೆ ಮೊದಲು ಕಾದಂಬರಿ ಓದಬೇಕೋ, ಆಮೇಲೋ?

ಉತ್ತರ: ಮೊದಲ ಐವತ್ತು ಪುಟ ಓದಿ ನಿಲ್ಲಿಸಿ. ಕಥೆ ಹೇಳುವವರ ಧ್ವನಿ ನಿಮಗೆ ಸಿಕ್ಕಿರುತ್ತದೆ, ಕೊನೆ ಗೊತ್ತಿರುವುದಿಲ್ಲ. ಸಿನಿಮಾ ನೋಡಿ ಬಂದು ಐವತ್ತೊಂದನೇ ಪುಟದಿಂದ ಮುಂದುವರಿಸಿ. ನಿರ್ದೇಶಕರು ಯಾವ ಅಧ್ಯಾಯಗಳನ್ನು ಬಿಟ್ಟರು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗಿ.